ಲಿಂಕರ್ ಒಲ್ಲೆನೆಂದಾಗ: ಒಂದು ದೋಷಸೂಚನೆಯ ಹಿನ್ನೆಲೆ

ನೀವು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಕಂಪೈಲರ್ ಅದನ್ನು ಒಂದೂ ಆಕ್ಷೇಪಣೆ ಎತ್ತದೆ ಒಪ್ಪಿಕೊಂಡಿದೆ. ನೀವು ಬಳಸಬೇಕೆಂದಿರುವ ಲೈಬ್ರರಿ ಡಿಸ್ಕಿನಲ್ಲೇ ಇದೆ. ಅದರ ಹೆಸರು, ಅದಿರುವ ಫೋಲ್ಡರು ಎರಡೂ ಸರಿಯಾಗಿವೆ. ಆದರೂ ಕೊನೆಯ ಹಂತದಲ್ಲಿ ಲಿಂಕರ್ ‘ಆ ಲೈಬ್ರರಿ ಸಿಗಲಿಲ್ಲ’ ಎಂದು ಹೇಳಿ ಕೈಚೆಲ್ಲುತ್ತದೆ. ನಮ್ಮ ಕಣ್ಣಿಗೆ ಕಾಣುವ ಫೈಲು ಲಿಂಕರಿಗೇಕೆ ಕಾಣುವುದಿಲ್ಲ?

2009ರಲ್ಲಿ ನಮ್ಮ ವಿಭಾಗದ ಸಂಶೋಧನ ವಿದ್ಯಾರ್ಥಿಯೊಬ್ಬರು ಇದೇ ಪ್ರಶ್ನೆ ಹೊತ್ತು ನನ್ನ ಕೊಠಡಿಗೆ ಬಂದರು. ಗ್ಯಾಮಾ ಕಿರಣಗಳ ರೋಹಿತವನ್ನು ದಾಖಲಿಸುವ ಉಪಕರಣವೊಂದು ನಮ್ಮಲ್ಲಿತ್ತು. ಅದು ಸೀರಿಯಲ್ ಪೋರ್ಟಿನ ಮೂಲಕ ಗಣಕದೊಡನೆ ವ್ಯವಹರಿಸುತ್ತಿತ್ತು. ಲಿನಕ್ಸ್‌ನಲ್ಲಿ ಅದನ್ನು ಬಳಸಲು ತಯಾರಕರು ಒಂದು ಲೈಬ್ರರಿಯನ್ನು ಜೊತೆಗೆ ಕೊಟ್ಟಿದ್ದರು. ಹಳೆಯ ಗಣಕ ಕೆಟ್ಟಿತು, ಹೊಸದು ಬಂತು. ಹೊಸದರಲ್ಲಿ ವೇಗವೂ ಹೆಚ್ಚು, ಸ್ಮೃತಿಯೂ ಹೆಚ್ಚು. ಪ್ರೋಗ್ರಾಮು ಮಾತ್ರ ಕೂಡಿಕೊಳ್ಳಲೊಲ್ಲದು. ಫೋಲ್ಡರಿನ ದಾರಿ ಬದಲಿಸುತ್ತ, ಲೈಬ್ರರಿಯನ್ನು ಮತ್ತೆ ಮತ್ತೆ ನಕಲು ಮಾಡುತ್ತ ಅವರು ಮೂರು ವಾರ ಕಳೆದಿದ್ದರು. ಪ್ರಬಂಧ ಸಲ್ಲಿಸುವ ದಿನ ಹತ್ತಿರವಾಗಿತ್ತು. ಪರದೆಯ ಕೊನೆಯ ಸಾಲನ್ನು ಬಿಟ್ಟು ಅದರ ಮೇಲಿನ ಸಾಲನ್ನು ಓದಿದಾಗ ವಿಷಯ ತಿಳಿಯಿತು. ‘ಹೊಂದದ ಫೈಲನ್ನು ಬಿಟ್ಟು ಮುಂದೆ ಹೋಗುತ್ತಿದ್ದೇನೆ’ ಎಂದು ಲಿಂಕರ್ ಅಲ್ಲಿ ಹೇಳಿಯೇ ಇತ್ತು. ಲೈಬ್ರರಿ 32 ಬಿಟ್ಟಿನದು. ಹೊಸ ಗಣಕದ ಕಂಪೈಲರ್ ತಯಾರಿಸುತ್ತಿದ್ದುದು 64 ಬಿಟ್ಟಿನ ಯಂತ್ರಸಂಕೇತ.

ವಿಚಿತ್ರವೆಂದರೆ ಆ ಹೊಸ ಗಣಕದ ಸಂಸ್ಕಾರಕ ಈ ಎರಡು ಬಗೆಯ ಸಂಕೇತಗಳನ್ನೂ ನಡೆಸಬಲ್ಲದು. ಆದರೂ ಅವೆರಡನ್ನು ಒಂದೇ ಪ್ರೋಗ್ರಾಮಿನಲ್ಲಿ ಬೆರೆಸುವಂತಿಲ್ಲ. ಇದು ಏಕೆ ಎಂದು ತಿಳಿಯಲು ಮುಕ್ಕಾಲು ಶತಮಾನ ಹಿಂದಕ್ಕೆ ಹೋಗುವುದು ಒಳ್ಳೆಯದು. ಲೈಬ್ರರಿ ಎಂಬ ಕಲ್ಪನೆ ಹುಟ್ಟಿದಾಗ ಈ ತೊಡಕು ಇರಲೇ ಇಲ್ಲ.

ಉಕ್ಕಿನ ಬೀರುವಿನಲ್ಲಿದ್ದ ಲೈಬ್ರರಿ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ನಿರ್ಮಿಸಿದ ಎಡ್‌ಸ್ಯಾಕ್ ಗಣಕ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಸೈನ್, ವರ್ಗಮೂಲ, ಅನುಕಲನ ಮುಂತಾದ ಕೆಲಸಗಳಿಗೆ ಪ್ರತಿಯೊಬ್ಬರೂ ಪ್ರತಿಸಲವೂ ಹೊಸದಾಗಿ ಆದೇಶಗಳನ್ನು ಬರೆಯುವುದು ವ್ಯರ್ಥ ಶ್ರಮ ಎಂಬುದು ಅಲ್ಲಿನವರಿಗೆ ಬೇಗನೆ ಮನವರಿಕೆಯಾಯಿತು. ಒಮ್ಮೆ ಬರೆದು ಪರೀಕ್ಷಿಸಿದ ಉಪಪ್ರೋಗ್ರಾಮುಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಒಂದು ಉಕ್ಕಿನ ಬೀರುವಿನಲ್ಲಿ ಜೋಡಿಸಿಟ್ಟರು. ನಿಮಗೆ ಸೈನ್ ಬೇಕೆ? ಬೀರುವಿನಿಂದ ಆ ಪಟ್ಟಿಯನ್ನು ತೆಗೆದು, ನಿಮ್ಮ ಪಟ್ಟಿಯ ಮೇಲೆ ಯಂತ್ರದಿಂದ ನಕಲು ಮಾಡಿಕೊಂಡು, ಮೂಲವನ್ನು ಮತ್ತೆ ಬೀರುವಿನಲ್ಲಿ ಇಟ್ಟರಾಯಿತು. 1951ರ ವೇಳೆಗೆ ಅಲ್ಲಿ 87 ಉಪಪ್ರೋಗ್ರಾಮುಗಳು ಸಂಗ್ರಹವಾಗಿದ್ದವು. ಹೀಗಾಗಿ ಲೈಬ್ರರಿ ಎಂಬ ಹೆಸರು ಬರಿಯ ಅಲಂಕಾರವಲ್ಲ, ಅದು ನಿಜಕ್ಕೂ ಬೀರುವಿನಲ್ಲಿದ್ದ ಗ್ರಂಥಭಂಡಾರ.

ಆಗಿನ ತೊಡಕು ಬೇರೆಯದಾಗಿತ್ತು. ಉಪಪ್ರೋಗ್ರಾಮಿನ ಆದೇಶಗಳು ಸ್ಮೃತಿಯ ನಿರ್ದಿಷ್ಟ ವಿಳಾಸಗಳನ್ನು ಸೂಚಿಸುತ್ತವೆ. ಇಂದು 100ನೆಯ ಕೋಶದಿಂದ ಕುಳಿತ ಸೈನ್ ನಾಳೆ ಮತ್ತೊಬ್ಬರ ಪ್ರೋಗ್ರಾಮಿನಲ್ಲಿ 250ರಿಂದ ಕುಳಿತರೆ ಒಳಗಿನ ವಿಳಾಸಗಳೆಲ್ಲ ಬದಲಾಗಬೇಕು. ಅಮೆರಿಕದಲ್ಲಿ ಎನಿಯಾಕ್ ಖ್ಯಾತಿಯ ಜಾನ್ ಮಾಕ್ಲಿ 1947ರಷ್ಟು ಹಿಂದೆಯೇ ಈ ಸಮಸ್ಯೆಯನ್ನು ವಿವರಿಸಿದ್ದರು. ಕೇಂಬ್ರಿಜ್‌ನಲ್ಲಿ ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿ ಅದನ್ನು ಬಗೆಹರಿಸಿದ ರೀತಿ ನೋಡಿ. ಪಟ್ಟಿಯನ್ನು ಓದಿ ಸ್ಮೃತಿಗೆ ತುಂಬುವ ಆರಂಭಿಕ ಆದೇಶಗಳನ್ನು ಅವರು ಕೇವಲ 41 ಆದೇಶಗಳಲ್ಲಿ ಬರೆದರು. ಅವು ಪಟ್ಟಿಯನ್ನು ಓದುತ್ತಿರುವಾಗಲೇ ವಿಳಾಸಗಳನ್ನೂ ತಿದ್ದುತ್ತಿದ್ದವು. ಇಂದಿನ ಲಿಂಕರಿನ ಅರ್ಧ ಕೆಲಸ ಅಲ್ಲೇ ಇದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೇ. ಆ ಪಟ್ಟಿ ಯಾವ ಗಣಕದ್ದು ಎಂದು ಯಾರೂ ಅದರ ಮೇಲೆ ಬರೆಯಲಿಲ್ಲ, ಬರೆಯಬೇಕಾದ ಅಗತ್ಯವೂ ಇರಲಿಲ್ಲ. ಎಡ್‌ಸ್ಯಾಕ್ ಒಂದೇ ಒಂದು. 1958ರಲ್ಲಿ ಅದನ್ನು ನಿಲ್ಲಿಸಿ ಎಡ್‌ಸ್ಯಾಕ್-2 ಬಂದಾಗ ಪದದ ಉದ್ದ 40 ಬಿಟ್ ಆಯಿತು, ಆದೇಶಗಳ ಪಟ್ಟಿ ಬೇರೆಯಾಯಿತು. ಬೀರುವಿನಲ್ಲಿದ್ದ ಪಟ್ಟಿಗಳು ಹೊಸ ಯಂತ್ರಕ್ಕೆ ಅರ್ಥವಿಲ್ಲದ ರಂಧ್ರಗಳಾದವು. ಗಣಿತ ಹಾಗೆಯೇ ಉಳಿಯಿತು, ಸಂಕೇತ ಸತ್ತಿತು.

ಇದೇ ಕಾಲದ ಒಂದು ಪದದ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1951-52ರಲ್ಲಿ ಗ್ರೇಸ್ ಹಾಪರ್ ಯೂನಿವ್ಯಾಕ್ ಗಣಕಕ್ಕಾಗಿ ಎ-0 ಎಂಬ ವ್ಯವಸ್ಥೆಯನ್ನು ರಚಿಸಿ ಅದನ್ನು ಕಂಪೈಲರ್ ಎಂದು ಕರೆದರು. ಅದು ಮಾಡುತ್ತಿದ್ದುದು ಭಾಷಾಂತರವಲ್ಲ. ಬೇಕಾದ ಉಪಪ್ರೋಗ್ರಾಮುಗಳನ್ನು ಟೇಪಿನಿಂದ ಆಯ್ದು, ವಿಳಾಸ ಸರಿಪಡಿಸಿ, ಒಂದಾಗಿ ಸಂಕಲಿಸುವುದು ಅದರ ಕೆಲಸ. ಎಂದರೆ ಹಾಪರ್ ಅವರ ಕಂಪೈಲರ್ ಇಂದಿನ ಲಿಂಕರಿಗೇ ಹತ್ತಿರ! ಆ ಹೆಸರು ಮುಂದೆ ಭಾಷಾಂತರಿಸುವ ತಂತ್ರಾಂಶಕ್ಕೆ ಅಂಟಿಕೊಂಡಿತು, ಸಂಕಲಿಸುವವನಿಗೆ ಬೇರೆ ಹೆಸರು ಹುಡುಕಬೇಕಾಯಿತು.

1957ರಲ್ಲಿ ಐಬಿಎಂ 704 ಗಣಕಕ್ಕೆ ಫೋರ್ಟ್ರಾನ್ ಬಂತು. ಮರುವರ್ಷ ಬಂದ ಫೋರ್ಟ್ರಾನ್-2ರಲ್ಲಿ ಉಪಪ್ರೋಗ್ರಾಮುಗಳನ್ನು ಬೇರೆಬೇರೆಯಾಗಿ ಕಂಪೈಲ್ ಮಾಡಿ ಕೊನೆಗೆ ಕೂಡಿಸುವ ಅನುಕೂಲವಿತ್ತು. ಆಗಿನಿಂದ ಪ್ರೋಗ್ರಾಮಿಗೆ ಎರಡು ರೂಪಗಳು: ಮನುಷ್ಯ ಓದಬಲ್ಲ ಮೂಲಪಾಠ ಮತ್ತು ಯಂತ್ರ ಮಾತ್ರ ಓದಬಲ್ಲ ಕಂಪೈಲ್ ಆದ ರೂಪ. ಮೊದಲನೆಯದು ಊರಿಂದೂರಿಗೆ ಹೋಗಬಲ್ಲದು, ಎರಡನೆಯದು ಹೋಗಲಾರದು. ನಮ್ಮ ದೇಶದಲ್ಲೇ ಉದಾಹರಣೆ ಇದೆ. ಕಾನ್ಪುರದ ಐಐಟಿಗೆ 1963ರಲ್ಲಿ ಬಂದ ಐಬಿಎಂ 1620 ದಶಮಾನ ಅಂಕಿಗಳಲ್ಲಿ ಲೆಕ್ಕ ಮಾಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಬಂದ ಐಬಿಎಂ 7044 ಆದರೋ 36 ಬಿಟ್ ಪದಗಳ ದ್ವಿಮಾನ ಯಂತ್ರ. ಫೋರ್ಟ್ರಾನ್ ಕಾರ್ಡುಗಳನ್ನು ಅಲ್ಪಸ್ವಲ್ಪ ತಿದ್ದಿ ಮತ್ತೆ ಕಂಪೈಲ್ ಮಾಡಬಹುದು. ಮೊದಲ ಯಂತ್ರಕ್ಕಾಗಿ ಕಂಪೈಲ್ ಆದ ಕಾರ್ಡುಗಳನ್ನು ಎರಡನೆಯದಕ್ಕೆ ಉಣಿಸಿ ಪ್ರಯೋಜನವಿಲ್ಲ.

ಆರ್ಕಿಟೆಕ್ಚರ್ ಎಂದರೇನು?

ಕಟ್ಟಡಗಳಿಗೆ ಸಂಬಂಧಿಸಿದ ಈ ಪದವನ್ನು ಗಣಕಗಳಿಗೆ ಗಟ್ಟಿಯಾಗಿ ಹಚ್ಚಿದ್ದು ಐಬಿಎಂ ಸಿಸ್ಟಮ್/360. 1964ರ ಏಪ್ರಿಲ್ 7ರಂದು ಪ್ರಕಟವಾದ ಈ ಕುಟುಂಬದಲ್ಲಿ ಸಣ್ಣ ಗಣಕವೂ ಇತ್ತು, ಭಾರಿ ಗಣಕವೂ ಇತ್ತು. ಒಳಗಿನ ಮಂಡಲಗಳು ಬೇರೆಬೇರೆ, ಆದರೆ ಪ್ರೋಗ್ರಾಮು ಬರೆಯುವವನಿಗೆ ಕಾಣುವ ಮುಖ ಒಂದೇ. ಆಮ್ಡಾಲ್, ಬ್ಲಾವ್, ಬ್ರೂಕ್ಸ್ ಎಂಬ ಮೂವರು ಅದೇ ವರ್ಷದ ಲೇಖನದಲ್ಲಿ ಈ ಮುಖಕ್ಕೇ ಆರ್ಕಿಟೆಕ್ಚರ್ ಎಂಬ ಹೆಸರಿಟ್ಟರು. ಒಂದು ಮಾದರಿಗಾಗಿ ಕಂಪೈಲ್ ಮಾಡಿದ ಸಂಕೇತ ಅದೇ ಕುಟುಂಬದ ಇನ್ನೊಂದರಲ್ಲೂ ಓಡುವಂತಾದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಕುಟುಂಬದ ಹೊರಗಿನವರ ಜೊತೆ ನಂಟು ಕೂಡುವಂತಿರಲಿಲ್ಲ.

ಈ ಮುಖದಲ್ಲಿ ಏನೇನು ಸೇರುತ್ತದೆ? ಆದೇಶಗಳ ಸಂಕೇತ ಎಂದು ಎಲ್ಲರೂ ತಟ್ಟನೆ ಹೇಳುತ್ತಾರೆ. ಅದಷ್ಟೇ ಆಗಿದ್ದರೆ ಸುಲಭವಿತ್ತು. ಬೈಟುಗಳ ಕ್ರಮವೂ ಸೇರುತ್ತದೆ. ನಾಲ್ಕು ಬೈಟುಗಳಲ್ಲಿ 1 ಎಂಬ ಸಂಖ್ಯೆಯನ್ನು ಇಂಟೆಲ್ ಸಂಸ್ಕಾರಕ ಚಿಕ್ಕ ಬೈಟನ್ನು ಮುಂದಿಟ್ಟು ಬರೆಯುತ್ತದೆ. ಮೊಟೊರೋಲ 68000 ದೊಡ್ಡ ಬೈಟನ್ನು ಮುಂದಿಡುತ್ತದೆ. ಒಬ್ಬರು ಬರೆದ 1ನ್ನು ಇನ್ನೊಬ್ಬರು ಓದಿದರೆ 1,67,77,216 ಆಗುತ್ತದೆ! ಯಾವ ಕ್ರಮ ಸರಿ ಎಂಬ ಜಗಳ ಎಷ್ಟು ಬೆಳೆಯಿತೆಂದರೆ, 1980ರಲ್ಲಿ ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಗಲಿವರನ ಪ್ರವಾಸದ ಕಥೆಯಿಂದ ಹೆಸರುಗಳನ್ನು ಎರವಲು ತಂದು ಎರಡೂ ಪಂಗಡಗಳನ್ನು ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂದು ಕರೆದರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಹೊಡೆದಾಡಿದವರ ಹೆಸರುಗಳವು.

ಮೂರನೆಯ ಅಂಶ ಕರೆಯುವ ಕ್ರಮ. ನಮ್ಮ 2009ರ ಪ್ರಕರಣದ ಗುಟ್ಟು ಇಲ್ಲಿದೆ. ನಿಮ್ಮ ಪ್ರೋಗ್ರಾಮು ಲೈಬ್ರರಿಯ ಒಂದು ಫಂಕ್ಷನ್ನನ್ನು ಕರೆಯುವಾಗ ಕೊಡಬೇಕಾದ ಸಂಖ್ಯೆಗಳನ್ನು ಎಲ್ಲಿ ಇಡಬೇಕು, ಉತ್ತರವನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬ ಒಪ್ಪಂದ ಮೊದಲೇ ಇರಬೇಕು. 32 ಬಿಟ್ ಇಂಟೆಲ್ ಸಂಕೇತದಲ್ಲಿ ಸಾಮಾನ್ಯವಾಗಿ ಇವನ್ನು ಸ್ಮೃತಿಯ ಸ್ಟ್ಯಾಕ್ ಎಂಬ ಭಾಗದಲ್ಲಿ ಪೇರಿಸಿಡುತ್ತಾರೆ. 64 ಬಿಟ್ ಲಿನಕ್ಸ್‌ನಲ್ಲಿ ಮೊದಲ ಆರು ಪೂರ್ಣಾಂಕಗಳು ಸಂಸ್ಕಾರಕದೊಳಗಿನ ರೆಜಿಸ್ಟರುಗಳಲ್ಲೇ ಹೋಗುತ್ತವೆ. ಸೈನ್ ಫಂಕ್ಷನ್ನಿನ ಉತ್ತರ ಮೊದಲನೆಯದರಲ್ಲಿ ಹಳೆಯ ಗಣಿತ ಘಟಕದ ರೆಜಿಸ್ಟರಿನಲ್ಲಿ ಬರುತ್ತದೆ, ಎರಡನೆಯದರಲ್ಲಿ ಬೇರೆಯೇ ರೆಜಿಸ್ಟರಿನಲ್ಲಿ. ಒಬ್ಬ ಮುಂಬಾಗಿಲಲ್ಲಿ ಇಟ್ಟು ಹೋದದ್ದನ್ನು ಇನ್ನೊಬ್ಬ ಹಿತ್ತಿಲಲ್ಲಿ ಹುಡುಕಿದ ಹಾಗೆ. ಇಬ್ಬರ ಲೆಕ್ಕವೂ ಸರಿ, ಆದರೂ ಕೈಗೆ ಬಂದದ್ದು ಕಸ.

ಇಷ್ಟೇ ಅಲ್ಲ. ಹದಿನಾರರ ಮಾನದಲ್ಲಿ 40ರಿಂದ 4ಎಫ್‌ವರೆಗಿನ ಹದಿನಾರು ಬೈಟುಗಳು 32 ಬಿಟ್ ಸಂಕೇತದಲ್ಲಿ ‘ರೆಜಿಸ್ಟರಿಗೆ ಒಂದು ಕೂಡು, ಒಂದು ಕಳೆ’ ಎಂಬ ಪೂರ್ಣ ಆದೇಶಗಳು. 64 ಬಿಟ್ ವಿಧಾನದಲ್ಲಿ ಅವೇ ಬೈಟುಗಳು ಮುಂದಿನ ಆದೇಶದ ಅರ್ಥವನ್ನು ಮಾರ್ಪಡಿಸುವ ಉಪಸರ್ಗಗಳಾಗಿಬಿಟ್ಟಿವೆ. ಅಕ್ಷರ ಅದೇ, ಓದು ಬೇರೆ. ಸಂಸ್ಕಾರಕ ಒಂದೇ ಆದರೂ ಅದು ಯಾವ ವಿಧಾನದಲ್ಲಿದೆ ಎಂಬುದರ ಮೇಲೆ ಸಂಕೇತದ ಅರ್ಥ ನಿಲ್ಲುತ್ತದೆ.

32 ಬಿಟ್ಟಿನಲ್ಲಿ ಸೂಚಿಸಬಹುದಾದ ವಿಳಾಸಗಳು 4,29,49,67,296, ಎಂದರೆ 4 ಗಿಗಾಬೈಟ್. ದೊಡ್ಡ ಗಣಕಗಳಿಗೆ ಇದು ಸಾಲದಾಗಿ 1990ರ ದಶಕದ ಆರಂಭದಲ್ಲೇ ಮಿಪ್ಸ್, ಆಲ್ಫಾ ಮುಂತಾದ 64 ಬಿಟ್ ಸಂಸ್ಕಾರಕಗಳು ಬಂದಿದ್ದವು. ಸಾಮಾನ್ಯರ ಮೇಜಿನ ಮೇಲಕ್ಕೆ ಈ ಬದಲಾವಣೆಯನ್ನು ತಂದದ್ದು ಇಂಟೆಲ್‌ನ ಆದೇಶಪಟ್ಟಿಯನ್ನೇ ಹಿಗ್ಗಿಸಿದ ಎಎಂಡಿ ಕಂಪನಿ. ಅದರ ಆಪ್ಟೆರಾನ್ 2003ರಲ್ಲಿ ಬಂತು, ಮರುವರ್ಷ ಇಂಟೆಲ್ ಕೂಡ ಅದೇ ಹಾದಿ ಹಿಡಿಯಿತು. ಮುಂದಿನ ಏಳೆಂಟು ವರ್ಷ ಲಿಂಕರಿನ ದೂರು ಸಾಕಷ್ಟು ಪ್ರಯೋಗಾಲಯಗಳಲ್ಲಿ ಕೇಳಿಬಂದದ್ದು ಇದರಿಂದಲೇ.

ಫೈಲಿನ ಹಣೆಬರಹ

ಹಾಗಾದರೆ ಲಿಂಕರಿಗೆ ಇದು ಹೇಗೆ ತಿಳಿಯುತ್ತದೆ? ಯೂನಿಕ್ಸ್‌ನ ಆರಂಭಕಾಲದಲ್ಲಿ ತಿಳಿಯುತ್ತಿರಲಿಲ್ಲ. ಪಿಡಿಪಿ-11 ಗಣಕದ ಕಂಪೈಲ್ ಆದ ಫೈಲುಗಳು ಎಂಟು ಪದಗಳ ಶಿರೋಭಾಗದಿಂದ ಆರಂಭವಾಗುತ್ತಿದ್ದವು. ಮೊದಲ ಪದ ಅಷ್ಟಮಾನದಲ್ಲಿ 407. ಇದಕ್ಕೆ ಮಾಂತ್ರಿಕ ಸಂಖ್ಯೆ ಎಂದು ಹೆಸರು. ಅದರಲ್ಲಿ ಮಂತ್ರವೇನೂ ಇರಲಿಲ್ಲ, ‘ಈ ಶಿರೋಭಾಗವನ್ನು ಹಾರಿ ಮುಂದಕ್ಕೆ ಹೋಗು’ ಎಂಬ ಪಿಡಿಪಿ-11ರ ಆದೇಶವೇ ಅದು. ಉಳಿದ ಪದಗಳಲ್ಲಿ ಭಾಗಗಳ ಗಾತ್ರ ಇತ್ಯಾದಿ. ಯಾವ ಯಂತ್ರ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಇದ್ದದ್ದು ಒಂದೇ ಬಗೆಯ ಯಂತ್ರವಾದಾಗ ಅದನ್ನು ಕೇಳುವವರಾರು?

ಯೂನಿಕ್ಸ್ ಹಲವು ಯಂತ್ರಗಳಿಗೆ ಹರಡಿದ ಮೇಲೆ ಗುರುತು ಅನಿವಾರ್ಯವಾಯಿತು. 1980ರ ದಶಕದ ಕೊನೆಯಲ್ಲಿ ರೂಪುಗೊಂಡು ಇಂದು ಲಿನಕ್ಸ್‌ನಲ್ಲೆಲ್ಲ ಬಳಕೆಯಲ್ಲಿರುವ ಎಲ್ಫ್ ಎಂಬ ಫೈಲು ಮಾದರಿಯಲ್ಲಿ 5ನೆಯ ಬೈಟು 1 ಆಗಿದ್ದರೆ 32 ಬಿಟ್, 2 ಆಗಿದ್ದರೆ 64 ಬಿಟ್. 6ನೆಯದು ಬೈಟುಗಳ ಕ್ರಮವನ್ನು ಹೇಳುತ್ತದೆ. 19 ಮತ್ತು 20ನೆಯ ಬೈಟುಗಳಲ್ಲಿ ಯಂತ್ರದ ಸಂಖ್ಯೆ: ಸ್ಪಾರ್ಕ್‌ಗೆ 2, ಇಂಟೆಲ್ 386 ವಂಶಕ್ಕೆ 3, 64 ಬಿಟ್ ಎಎಂಡಿ-ಇಂಟೆಲ್‌ಗೆ 62, 64 ಬಿಟ್ ಆರ್ಮ್‌ಗೆ 183. ಲಿಂಕರ್ ಒಂದೊಂದು ಫೈಲಿನ ಹಣೆಬರಹವನ್ನೂ ಓದಿ, ತಾನು ಕಟ್ಟುತ್ತಿರುವುದಕ್ಕೆ ಹೊಂದದಿದ್ದರೆ ಪಕ್ಕಕ್ಕಿಡುತ್ತದೆ. ವಿದ್ಯಾರ್ಥಿಗಳು ಇದನ್ನು ಲಿಂಕರಿನ ಮೊಂಡುತನವೆಂದು ಬೈಯುವುದುಂಟು. ನನಗೆ ಹಾಗೆನಿಸುವುದಿಲ್ಲ. ತಪ್ಪು ರೆಜಿಸ್ಟರಿನಿಂದ ಎತ್ತಿಕೊಂಡ ಸಂಖ್ಯೆಗಳಿಂದ ಸದ್ದಿಲ್ಲದೆ ಒಂದು ರೋಹಿತ ತಯಾರಾಗಿ ಅದು ಪ್ರಬಂಧದಲ್ಲಿ ಅಚ್ಚಾಗುವುದಕ್ಕಿಂತ ಲಿಂಕರ್ ಹಟ ಹಿಡಿದು ನಿಲ್ಲುವುದು ಎಷ್ಟೋ ಮೇಲು.

ಆಪಲ್ ಕಂಪನಿಯ ದಾರಿ ಸ್ವಲ್ಪ ಬೇರೆ. ಅದು ಮೂರು ಸಲ ಸಂಸ್ಕಾರಕ ಬದಲಿಸಿತು: 1994ರಲ್ಲಿ ಮೊಟೊರೋಲದಿಂದ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ಆರ್ಮ್ ಆಧಾರಿತ ತನ್ನದೇ ಚಿಪ್ಪಿಗೆ. 1993ರಲ್ಲಿ ನೆಕ್ಸ್ಟ್ ಕಂಪನಿ ಬಳಕೆಗೆ ತಂದಿದ್ದ ಉಪಾಯವನ್ನು ಅದು ನೆಚ್ಚಿಕೊಂಡಿತು. ಒಂದೇ ಫೈಲಿನೊಳಗೆ ಎರಡು-ಮೂರು ಆರ್ಕಿಟೆಕ್ಚರುಗಳ ಸಂಕೇತವನ್ನು ಒಟ್ಟಿಗೆ ಕಟ್ಟಿಡುವ ಇದಕ್ಕೆ ಫ್ಯಾಟ್ ಬೈನರಿ, ಎಂದರೆ ದಢೂತಿ ಫೈಲು ಎಂದು ಹೆಸರು. ದಢೂತಿಯೊಳಗೆ ನಿಮಗೆ ಬೇಕಾದ ತುಂಡು ಇಲ್ಲದಿದ್ದರೆ ಕಥೆ ಮತ್ತೆ ಅದೇ. 2009ರ ಸ್ನೋ ಲೆಪರ್ಡ್ ಆವೃತ್ತಿಯಲ್ಲಿ ಕಂಪೈಲರ್ ತಾನಾಗಿಯೇ 64 ಬಿಟ್ ಸಂಕೇತ ತಯಾರಿಸತೊಡಗಿದಾಗ ಹಳೆಯ 32 ಬಿಟ್ ಲೈಬ್ರರಿಗಳು ಹಿಂದೆ ಬಿದ್ದವು. 2020ರ ನಂತರ ಇಂಟೆಲ್‌ನ ಸರದಿ. ರೊಸೆಟ್ಟಾ-2 ಎಂಬ ಅನುವಾದಕ ಇಂಟೆಲ್ ಪ್ರೋಗ್ರಾಮನ್ನು ಇಡಿಯಾಗಿ ಆರ್ಮ್‌ಗೆ ತರ್ಜುಮೆ ಮಾಡಿ ನಡೆಸಬಲ್ಲದು, ಆದರೆ ಆರ್ಮ್ ಪ್ರೋಗ್ರಾಮಿನೊಳಕ್ಕೆ ಇಂಟೆಲ್ ಲೈಬ್ರರಿಯನ್ನು ತೂರಿಸಲಾರದು. (ಒಂದೇ ಪ್ರೋಗ್ರಾಮಿನಲ್ಲಿ ಎರಡನ್ನೂ ಬೆರೆಸುವ ಏರ್ಪಾಡನ್ನು ಮೈಕ್ರೋಸಾಫ್ಟ್ 2021ರಲ್ಲಿ ವಿಂಡೋಸ್-11ಕ್ಕಾಗಿ ಪ್ರಕಟಿಸಿತು. ಅದಕ್ಕೆ ಹೊಸದೊಂದು ಕರೆಯುವ ಕ್ರಮವನ್ನೇ ರೂಪಿಸಬೇಕಾಯಿತು.)

ಪರಿಹಾರದ ದಾರಿ

ನಿಮಗೆ ಇಂಥ ದೋಷ ಎದುರಾದರೆ ಮೊದಲು ಮಾಡಬೇಕಾದದ್ದು ಪರದೆಯನ್ನು ಮೇಲಕ್ಕೆ ಸರಿಸಿ ನೋಡುವುದು. ಲಿನಕ್ಸ್‌ನಲ್ಲಿ ‘ಲೈಬ್ರರಿ ಸಿಗಲಿಲ್ಲ’ ಎಂಬುದೂ ಮ್ಯಾಕ್‌ನಲ್ಲಿ ‘ಈ ಆರ್ಕಿಟೆಕ್ಚರಿಗೆ ಇಂಥ ಹೆಸರುಗಳು ಸಿಗಲಿಲ್ಲ’ ಎಂಬುದೂ ಪರಿಣಾಮ ಮಾತ್ರ. ಕಾರಣ ಅದಕ್ಕಿಂತ ಮೊದಲೇ ಒಂದು ಎಚ್ಚರಿಕೆಯಾಗಿ ಬಂದು ಹೋಗಿರುತ್ತದೆ. ಅನಂತರ ಪ್ರತಿ ಫೈಲಿನ ಹಣೆಬರಹ ಓದಿ. ಲಿನಕ್ಸ್‌ನಲ್ಲಿ ‘ಫೈಲ್’ ಎಂಬ ಆಜ್ಞೆ ಇದೆ. ಆದರೆ ಹಲವು ತುಂಡುಗಳನ್ನು ಕಟ್ಟಿಟ್ಟ ಸ್ಥಿರ ಲೈಬ್ರರಿಯನ್ನು ತೋರಿಸಿದರೆ ಅದು ‘ಇದೊಂದು ಕಂತೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಲ್ಲಿ ‘ರೀಡ್‌ಎಲ್ಫ್ -ಎಚ್’ ಬಳಸಿ, ಒಳಗಿನ ಒಂದೊಂದು ತುಂಡಿನ ಗುರುತೂ ಸಿಗುತ್ತದೆ. ಮ್ಯಾಕ್‌ನಲ್ಲಿ ‘ಲೈಪೊ -ಇನ್‌ಫೊ’.

ಗುರುತು ತಿಳಿದ ಮೇಲೆ ಎಲ್ಲವನ್ನೂ ಒಂದೇ ಕಡೆಗೆ ತರಬೇಕು. ಲೈಬ್ರರಿಯ ಸರಿಯಾದ ಆವೃತ್ತಿ ಸಿಕ್ಕರೆ ಸುಲಭ. ಎಷ್ಟೋ ಸಲ ಎರಡೂ ಆವೃತ್ತಿಗಳು ಗಣಕದಲ್ಲೇ ಇದ್ದು ತಪ್ಪಾದದ್ದು ಮೊದಲು ಕಣ್ಣಿಗೆ ಬಿದ್ದಿರುತ್ತದೆ. ಆಗ ಹುಡುಕುವ ಫೋಲ್ಡರುಗಳ ಕ್ರಮ ಬದಲಿಸಿದರೆ ಸಾಕು. ಮೂಲಪಾಠ ನಿಮ್ಮಲ್ಲಿದ್ದರೆ ಲೈಬ್ರರಿಯನ್ನೇ ಮತ್ತೆ ಕಂಪೈಲ್ ಮಾಡಿ. ಆದರೆ ಹಳೆಯ ಗಣಕದಿಂದ ಇಡೀ ಫೋಲ್ಡರನ್ನು ನಕಲು ಮಾಡಿಕೊಂಡು ಬಂದಿದ್ದರೆ ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ ಮೊದಲು ಅಳಿಸಿ. 1976ರಲ್ಲಿ ರಚಿತವಾದ ‘ಮೇಕ್’ ಸಾಧನ ಇಂದಿಗೂ ಫೈಲಿನ ದಿನಾಂಕ-ವೇಳೆಯನ್ನು ಮಾತ್ರ ನೋಡುತ್ತದೆ. ಯಂತ್ರ ಬದಲಾದದ್ದು ಅದಕ್ಕೆ ತಿಳಿಯದು. ಅರ್ಧ ಹಳತು ಅರ್ಧ ಹೊಸತು ಕೂಡಿಕೊಂಡು ಕಾಡುವುದು ಹೀಗೆ.

ಮತ್ತೆ ಕಂಪೈಲ್ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋದೀತೆಂದೂ ಹೇಳುವಂತಿಲ್ಲ. ಕಣ ಭೌತವಿಜ್ಞಾನಿಗಳು ದಶಕಗಳ ಕಾಲ ಬಳಸಿದ ಸರ್ನ್ ಸಂಸ್ಥೆಯ ಸರ್ನ್‌ಲಿಬ್ ಎಂಬ ಫೋರ್ಟ್ರಾನ್ ಲೈಬ್ರರಿ ಸ್ಮೃತಿಯ ವಿಳಾಸಗಳನ್ನು 32 ಬಿಟ್ ಪೂರ್ಣಾಂಕಗಳಲ್ಲಿ ಇಟ್ಟುಕೊಳ್ಳುತ್ತಿತ್ತು. 64 ಬಿಟ್ ವಿಳಾಸ ಅಲ್ಲಿ ಹಿಡಿಸದು, ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ಲಿಂಕರ್ ಇಂಥದ್ದನ್ನು ಕಂಡುಹಿಡಿಯಲಾರದು, ಏಕೆಂದರೆ ಹಣೆಬರಹ ಸರಿಯಾಗಿಯೇ ಇರುತ್ತದೆ. ಇದಕ್ಕೆ ಪ್ರತಿಯಾಗಿ 1979ರಲ್ಲಿ ಪ್ರಕಟವಾದ ಬ್ಲಾಸ್ ಎಂಬ ರೇಖೀಯ ಬೀಜಗಣಿತದ ಉಪಪ್ರೋಗ್ರಾಮುಗಳನ್ನು ನೋಡಿ. 1985ರಿಂದ ನೆಟ್‌ಲಿಬ್ ಸಂಗ್ರಹದ ಮೂಲಕ ಅವುಗಳ ಮೂಲಪಾಠ ಯಾರಿಗೂ ಸಿಗುವಂತಾಯಿತು. ಆಗ ಹುಟ್ಟಿಯೇ ಇರದ ಸಂಸ್ಕಾರಕಗಳ ಮೇಲೂ ಅವು ಇಂದು ನಡೆಯುತ್ತಿವೆ.

ನಮ್ಮ ಉಪಕರಣದ ಲೈಬ್ರರಿಗೆ ಆ ಭಾಗ್ಯವಿರಲಿಲ್ಲ. ತಯಾರಕರನ್ನು ಕೇಳಿದೆವು. ಬರೆದವರು ಕೆಲಸ ಬಿಟ್ಟಿದ್ದಾರೆ, ಮೂಲಪಾಠ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಇಡೀ ವಿಶ್ಲೇಷಣೆಯನ್ನು 32 ಬಿಟ್ಟಿಗೆ ಇಳಿಸಿ ಕಂಪೈಲ್ ಮಾಡಬಹುದಿತ್ತು. ಆದರೆ ಅದು ಆತುಕೊಂಡಿದ್ದ ಇತರ ಲೈಬ್ರರಿಗಳೆಲ್ಲ 32 ಬಿಟ್ಟಿನವೇ ಬೇಕಾಗುತ್ತಿದ್ದವು. ಕೊನೆಗೆ ಕೆಲಸವನ್ನು ಎರಡಾಗಿ ಒಡೆದೆವು. ಉಪಕರಣದಿಂದ ಎಣಿಕೆಗಳನ್ನು ಓದುವುದಷ್ಟೇ ಕೆಲಸವಾದ ಸಣ್ಣ ಪ್ರೋಗ್ರಾಮೊಂದನ್ನು ‘-ಎಂ32’ ಎಂಬ ಸೂಚನೆ ಕೊಟ್ಟು 32 ಬಿಟ್ಟಿಗೆ ಕಟ್ಟಿದೆವು. ಅದು ಓದಿದ ಸಂಖ್ಯೆಗಳನ್ನು ಸರಳ ಅಕ್ಷರಗಳಲ್ಲಿ ಪಕ್ಕದ 64 ಬಿಟ್ ಪ್ರೋಗ್ರಾಮಿಗೆ ದಾಟಿಸುತ್ತಿತ್ತು. ಎರಡೂ ಬೇರೆಬೇರೆ ಪ್ರೋಗ್ರಾಮುಗಳಾದ್ದರಿಂದ ಸಂಸ್ಕಾರಕ ಒಂದೊಂದನ್ನೂ ಅದರದರ ವಿಧಾನದಲ್ಲಿ ನಡೆಸುತ್ತಿತ್ತು. ಎರಡು ದಿನದ ಕೆಲಸ. ಸೀಸಿಯಂ-137ರ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶೃಂಗ ಇದ್ದಲ್ಲೇ ಬಂದಾಗ ವಿದ್ಯಾರ್ಥಿಯ ಮುಖ ನೋಡಬೇಕಿತ್ತು. ಪ್ರಬಂಧ ಸಕಾಲಕ್ಕೆ ಸಲ್ಲಿಕೆಯಾಯಿತು.

ಅವರು ಅಲ್ಲಿಗೇ ಬಿಡಲಿಲ್ಲ. ಬಿಡುವಾದಾಗ ಸೀರಿಯಲ್ ತಂತಿಯಲ್ಲಿ ಹಾಯುವ ಬೈಟುಗಳನ್ನು ದಾಖಲಿಸಿ, ಉಪಕರಣದ ಭಾಷೆಯನ್ನು ಗುರುತಿಸಿ, ಸಿ ಭಾಷೆಯಲ್ಲಿ ಹೊಸ ಲೈಬ್ರರಿಯನ್ನೇ ಬರೆದರು. ಅದು ಈಗ ನಮ್ಮ ಇಂಟೆಲ್ ಗಣಕದಲ್ಲೂ ಅಂಗೈಯಗಲದ ಆರ್ಮ್ ಫಲಕದಲ್ಲೂ ನಡೆಯುತ್ತಿದೆ. ಮದ್ರಾಸಿನ ಐಐಟಿಯಲ್ಲಿ ರೂಪುಗೊಂಡ ಶಕ್ತಿ ಸಂಸ್ಕಾರಕಗಳು ರಿಸ್ಕ್-ಫೈವ್ ಎಂಬ ಮುಕ್ತ ಆರ್ಕಿಟೆಕ್ಚರನ್ನು ಅನುಸರಿಸುತ್ತವೆ. ಕುತೂಹಲಕ್ಕೆಂದು ಆ ಸಿ ಫೈಲನ್ನು ರಿಸ್ಕ್-ಫೈವ್‌ಗೂ ಕಂಪೈಲ್ ಮಾಡಿ ನೋಡಿದೆ. ತಕರಾರಿಲ್ಲದೆ ಆಯಿತು, 19ನೆಯ ಬೈಟಿನಲ್ಲಿ 243 ಎಂದು ಬಂತು. ತಯಾರಕರು ಕೊಟ್ಟ ಹಳೆಯ ಲೈಬ್ರರಿಯೂ ಅದೇ ಫೋಲ್ಡರಿನಲ್ಲಿದೆ. ಅದರಲ್ಲಿ ಈಗಲೂ 3.